ಮೊದಲ ಪಿಸಿಬಿಗೆ ಸ್ವಂತ ಫುಟ್‌ಪ್ರಿಂಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲೇ ಪಿಸಿಬಿ ಮಾಡುವವರಿಂದ ಬಂದ ಪತ್ರಗಳಲ್ಲಿ ಫುಟ್‌ಪ್ರಿಂಟ್ (ಬಿಡಿಭಾಗ ಕೂರಲು ಬೋರ್ಡಿನ ಮೇಲೆ ಬೇಕಾದ ತೂತು, ತಾಮ್ರ, ಗೆರೆಗಳ ನಕ್ಷೆ) ಕುರಿತವನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳು ಕಿಕ್ಯಾಡ್ ತಂತ್ರಾಂಶಕ್ಕೆ ಹೊಂದುವಂತಿವೆ. ಅದು ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಬೇರೆ ತಂತ್ರಾಂಶ ಬಳಸುವವರಿಗೆ ಮೆನುವಿನ ಹೆಸರು ಬದಲಾದೀತು, ಅಳತೆ ಬದಲಾಗದು.

ಪ್ರಶ್ನೆ: ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರನ್ನು ತಾನಾಗಿ ಆನ್-ಆಫ್ ಮಾಡುವ ಸರ್ಕಿಟ್ ಬ್ರೆಡ್‌ಬೋರ್ಡಿನ ಮೇಲೆ ಚೆನ್ನಾಗಿ ನಡೆಯುತ್ತಿದೆ. ಈಗ ಪಿಸಿಬಿ ಮಾಡಬೇಕು. ಎಸ್.ಪಿ. ರಸ್ತೆಯಲ್ಲಿ ತಂದ ಸ್ಕ್ರೂ ಟರ್ಮಿನಲ್‌ಗೆ ಹೋಲುವ ಫುಟ್‌ಪ್ರಿಂಟ್ ಲೈಬ್ರರಿಯಲ್ಲಿ ಹತ್ತಾರು ಇವೆ. ಯಾವುದು ಸರಿ ಅಂತ ಗೊತ್ತಾಗುತ್ತಿಲ್ಲ. ನಾನೇ ಬರೆಯಬೇಕಾ? ಎಲ್ಲಿಂದ ಶುರು ಮಾಡಲಿ?
— ಡಿಪ್ಲೊಮಾ ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ನೀವು ಬಿಡಿಭಾಗ ಮೊದಲು ಕೊಂಡಿದ್ದೀರಿ. ಅರ್ಧ ಕೆಲಸ ಅಲ್ಲೇ ಸರಿಯಾಗಿದೆ. ಕಂಪ್ಯೂಟರಿನಲ್ಲಿ ಬೋರ್ಡು ಬರೆದು ಮುಗಿಸಿ, ಆಮೇಲೆ ಪಟ್ಟಿ ಹಿಡಿದು ಅಂಗಡಿಗೆ ಹೋಗುವವರಿಗೇ ತೊಂದರೆ ಹೆಚ್ಚು. ಗಲ್ಲಾದ ಮೇಲೆ ‘ಮೂರು ಪಿನ್ ಟರ್ಮಿನಲ್’ ಎಂದು ಕೇಳಿದರೆ ಡಬ್ಬದಲ್ಲಿದ್ದದ್ದನ್ನು ಕೊಡುತ್ತಾರೆ. ಅದರ ಪಿಚ್ (ಪಕ್ಕಪಕ್ಕದ ಕಾಲುಗಳ ಕೇಂದ್ರಗಳ ನಡುವಿನ ಅಂತರ) 5.08 ಇರಬಹುದು, 5.00 ಇರಬಹುದು, 3.5 ಮಿ.ಮೀ. ಕೂಡ ಇರಬಹುದು. ಫುಟ್‌ಪ್ರಿಂಟ್ ಬರೆಯಬೇಕಾದದ್ದು ಕೈಯಲ್ಲಿರುವ ವಸ್ತುವಿಗೆ, ಅದರ ಹೆಸರಿಗಲ್ಲ.

5.00 ಮತ್ತು 5.08ರ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಎರಡು ಕಾಲಿನ ಟರ್ಮಿನಲ್‌ನಲ್ಲಿ ಅದು 0.08 ಮಿ.ಮೀ. ಮಾತ್ರ, ತೂತಿನ ಸಡಿಲದಲ್ಲೇ ಅಡಗಿಹೋಗುತ್ತದೆ. ಎಂಟು ಕಾಲಿನದಾದರೆ ಲೆಕ್ಕ ಬೇರೆ: 7 ಅಂತರಗಳು, 35.56ಕ್ಕೆ ಬದಲು 35.00. ಅರ್ಧ ಮಿ.ಮೀ.ಗೂ ಹೆಚ್ಚು ತಪ್ಪು, ಟರ್ಮಿನಲ್ ಕೂರುವುದೇ ಇಲ್ಲ. ಆದ್ದರಿಂದ ಪಕ್ಕಪಕ್ಕದ ಎರಡು ಕಾಲುಗಳ ನಡುವೆ ಅಳೆಯಬೇಡಿ. ಡಿಜಿಟಲ್ ಕ್ಯಾಲಿಪರ್‌ನಲ್ಲಿ ಮೊದಲ ಕಾಲಿನ ಹೊರ ಅಂಚಿನಿಂದ ಕೊನೆಯ ಕಾಲಿನ ಹೊರ ಅಂಚಿಗೆ ಅಳೆದು, ಒಂದು ಕಾಲಿನ ಅಗಲ ಕಳೆಯಿರಿ. ಬಂದದ್ದನ್ನು ಅಂತರಗಳ ಸಂಖ್ಯೆಯಿಂದ ಭಾಗಿಸಿ. ಅಂತರಗಳು ಕಾಲುಗಳಿಗಿಂತ ಒಂದು ಕಡಿಮೆ, ಇದನ್ನು ಮರೆಯುವವರು ಬಹಳ. ಎರಡು-ಮೂರು ಕಾಲಿನ ತುಂಡುಗಳನ್ನು ಪಕ್ಕಕ್ಕೆ ಸೇರಿಸುವ ಬಗೆಯ ಟರ್ಮಿನಲ್ ಆದರೆ, ನಾಲ್ಕೈದನ್ನು ಸೇರಿಸಿಯೇ ಅಳೆಯಿರಿ, ಪಿಚ್ ಅನುಮಾನವಿಲ್ಲದೆ ತಿಳಿಯುತ್ತದೆ. ಕಾಲು ಬಾಗಿದ್ದರೆ ಮೊದಲು ನೆಟ್ಟಗೆ ಮಾಡಿ, ತುದಿಯಲ್ಲಿ ಅಳೆಯದೆ ಪ್ಲಾಸ್ಟಿಕ್‌ನಿಂದ ಹೊರಬರುವ ಬುಡದಲ್ಲಿ ಅಳೆಯಿರಿ.

ಬರೆಯಬೇಕಾದ ಅಳತೆಗಳು ಇಷ್ಟು: ಪಿಚ್, ಕಾಲಿನ ದಪ್ಪ ಮತ್ತು ಅಗಲ, ಒಡಲಿನ ಉದ್ದ ಮತ್ತು ಅಗಲ, ಮತ್ತು ಕಾಲಿನ ಸಾಲಿನಿಂದ ಒಡಲಿನ ಮುಂಭಾಗಕ್ಕೂ ಹಿಂಭಾಗಕ್ಕೂ ಇರುವ ದೂರ. ಈ ಕೊನೆಯದನ್ನು ಬಿಟ್ಟವರೇ ಹೆಚ್ಚು. ಸ್ಕ್ರೂ ಟರ್ಮಿನಲ್‌ನ ಕಾಲುಗಳು ಒಡಲಿನ ಸರಿ ನಡುವೆ ಇರುವುದಿಲ್ಲ. ವೈರ್ ತೂರುವ ಬಾಯಿ ಯಾವ ಕಡೆ ಎಂದು ಗುರುತಿಸದಿದ್ದರೆ ಅದು ಬೋರ್ಡಿನ ಅಂಚಿಗೆ ಬೆನ್ನು ಹಾಕಿ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್-ಆಫ್ ಮಾಡುವ ಸ್ವಿಚ್) ಕಡೆ ಬಾಯಿ ತೆರೆದು ಕೂರುತ್ತದೆ.

ಇನ್ನು ಬರೆಯುವ ಕೆಲಸ. ಫುಟ್‌ಪ್ರಿಂಟ್ ಎಡಿಟರ್ ತೆರೆದು ಮೊದಲು ನಿಮ್ಮದೇ ಲೈಬ್ರರಿ ಮಾಡಿಕೊಳ್ಳಿ. ಹೆಸರಿನ ಕೊನೆಯಲ್ಲಿ ‘.ಪ್ರೆಟಿ’ ಎಂದಿರುವ ಒಂದು ಫೋಲ್ಡರ್ ಹುಟ್ಟುತ್ತದೆ. ಕಿಕ್ಯಾಡ್‌ನ ಜೊತೆ ಬಂದ ಲೈಬ್ರರಿಯನ್ನು ತಿದ್ದಲು ಹೋಗಬೇಡಿ, ಹೊಸ ಆವೃತ್ತಿ ಹಾಕಿಕೊಂಡಾಗ ನಿಮ್ಮ ತಿದ್ದುಪಡಿ ಹೋಗಿಬಿಡುತ್ತದೆ. ನಂತರ ಹೊಸ ಫುಟ್‌ಪ್ರಿಂಟ್ ತೆರೆದು ಥ್ರೂ ಹೋಲ್ (ಕಾಲು ತೂತಿನಲ್ಲಿ ತೂರುವ) ಬಗೆ ಆರಿಸಿ. ಹೆಸರಿನಲ್ಲೇ ಪಿಚ್ ಮತ್ತು ಕಾಲಿನ ಸಂಖ್ಯೆ ಇರಲಿ. ‘ಟರ್ಮಿನಲ್_ಹೊಸದು_2’ ಎಂಬಂಥ ಹೆಸರು ಮೂರು ತಿಂಗಳಾದ ಮೇಲೆ ನಿಮಗೇ ಅರ್ಥವಾಗದು.

ಪ್ಯಾಡ್ (ಕಾಲನ್ನು ಸೋಲ್ಡರ್ ಮಾಡುವ ತಾಮ್ರದ ಜಾಗ) ಇಟ್ಟು, ಅದರ ಮೇಲೆ ಕರ್ಸರ್ ಇರಿಸಿ ‘ಇ’ ಕೀ ಒತ್ತಿದರೆ ಪ್ಯಾಡ್‌ನ ವಿವರಗಳು ತೆರೆಯುತ್ತವೆ. ಮೌಸ್‌ನಲ್ಲಿ ಎಳೆದು ಜಾಗಕ್ಕೆ ತರುವ ಗೋಜಿಗೆ ಹೋಗದೆ ಇಲ್ಲೇ ಸಂಖ್ಯೆ ಟೈಪ್ ಮಾಡಿ. ಒಂದನೇ ಪ್ಯಾಡ್ ಎಕ್ಸ್ 0, ವೈ 0. ಎರಡನೆಯದು ಎಕ್ಸ್ 5.08. ಮೂರನೆಯದು 10.16. ಈ ಖಾನೆಗಳಲ್ಲಿ ‘5.08*2’ ಎಂದು ಬರೆದರೂ ಕಿಕ್ಯಾಡ್ ಲೆಕ್ಕ ಮಾಡಿಕೊಳ್ಳುತ್ತದೆ. ಇನ್ನೊಂದು ಸಂಗತಿ: ಇಲ್ಲಿ ವೈ ಬೆಲೆ ಕೆಳಗೆ ಹೋದಂತೆ ಹೆಚ್ಚುತ್ತದೆ. ಶಾಲೆಯ ಗ್ರಾಫ್ ಹಾಳೆಯಲ್ಲಿ ಇರುವುದಕ್ಕೆ ಇದು ಉಲ್ಟಾ. ಡೇಟಾಶೀಟ್ ನೋಡಿ ಅಳತೆ ತುಂಬುವಾಗ ಇದು ಕೈಕೊಡುತ್ತದೆ.

ಟರ್ಮಿನಲ್ ಕಾಲು ಸುಮಾರು 1 ಮಿ.ಮೀ. ಇದ್ದರೆ ತೂತು 1.3, ಪ್ಯಾಡ್ 2.6 ಮಿ.ಮೀ. ಇಡಿ. ಒಂದನೇ ಪ್ಯಾಡ್ ಚೌಕವಾಗಿರಲಿ, ಉಳಿದವು ದುಂಡಗೆ, ಬೋರ್ಡು ತಿರುವಿದಾಗ ಎಣಿಕೆ ತಪ್ಪದು. ಒಡಲಿನ ಗೆರೆಯನ್ನು ಫ್ಯಾಬ್ ಪದರದಲ್ಲಿ 0.1 ಮಿ.ಮೀ. ದಪ್ಪದಲ್ಲಿ ಎಳೆಯಿರಿ. ಅದರ ಹೊರಗೆ ಕೋರ್ಟ್‌ಯಾರ್ಡ್ ಪದರದಲ್ಲಿ, ಕನೆಕ್ಟರ್ ಆದ್ದರಿಂದ, ಅರ್ಧ ಮಿ.ಮೀ. ಜಾಗ ಬಿಟ್ಟು ಮುಚ್ಚಿದ ಆಯತ ಎಳೆಯಿರಿ. ಮನೆಯ ಬೋರ್ಡಿಗೆ ಇದೇಕೆ ಎನ್ನಬೇಡಿ. ಎರಡು ಬಿಡಿಭಾಗಗಳ ಒಡಲು ಒಂದರ ಮೇಲೊಂದು ಏರಿದರೆ ಡಿಆರ್‌ಸಿ (ತಂತ್ರಾಂಶ ನಡೆಸುವ ತಪ್ಪು ಹುಡುಕುವ ಪರೀಕ್ಷೆ) ಎಚ್ಚರಿಸುವುದು ಈ ಗೆರೆಯನ್ನು ನೋಡಿಯೇ.

ಉಳಿಸಿದ ಮೇಲೆ ಸ್ಕೀಮ್ಯಾಟಿಕ್‌ನಲ್ಲಿ (ಸರ್ಕಿಟ್ ಚಿತ್ರದಲ್ಲಿ) ಚಿಹ್ನೆಯ ಫುಟ್‌ಪ್ರಿಂಟ್ ಖಾನೆಗೆ ಇದನ್ನು ಕೊಡಿ. ಚಿಹ್ನೆಯ ಪಿನ್ ಸಂಖ್ಯೆಗಳೂ ಪ್ಯಾಡ್ ಸಂಖ್ಯೆಗಳೂ ಅಕ್ಷರಶಃ ಒಂದೇ ಇರಬೇಕು. ಹಾಗೆಯೇ, ಬೋರ್ಡಿಗೆ ತಂದಾದ ಮೇಲೆ ಲೈಬ್ರರಿಯಲ್ಲಿ ಪ್ಯಾಡ್ ತಿದ್ದಿದರೆ ಬೋರ್ಡಿನಲ್ಲಿರುವುದು ತಾನಾಗಿ ಬದಲಾಗದು. ಟೂಲ್ಸ್ ಮೆನುವಿನಲ್ಲಿ ಲೈಬ್ರರಿಯಿಂದ ಫುಟ್‌ಪ್ರಿಂಟ್ ಅಪ್‌ಡೇಟ್ ಮಾಡುವ ಆಯ್ಕೆ ಇದೆ, ಅದನ್ನು ಒತ್ತಬೇಕು. ‘ತಿದ್ದಿದೆ, ಆದರೂ ಹಳೆಯದೇ ಪ್ರಿಂಟ್ ಬರುತ್ತಿದೆ’ ಎಂಬ ದೂರಿನ ಮೂಲ ಇದೇ.

ಪ್ರಶ್ನೆ: ನೀಲಿ ಬಣ್ಣದ 5 ವೋಲ್ಟ್ ರಿಲೇಗೆ ಡೇಟಾಶೀಟ್ ನೋಡಿಯೇ ಫುಟ್‌ಪ್ರಿಂಟ್ ಬರೆದೆ. ರಿಲೇ ಸರಿಯಾಗಿ ಕೂತಿತು. ಆದರೆ ಸರ್ಕಿಟ್ ಆಫ್ ಇದ್ದಾಗ ಲೋಡ್ ಆನ್ ಆಗುತ್ತೆ, ಆನ್ ಮಾಡಿದಾಗ ಆಫ್ ಆಗುತ್ತೆ. ಪ್ರೋಗ್ರಾಂ ತಪ್ಪಾ?
— ಎಲೆಕ್ಟ್ರಿಷಿಯನ್, ಯಲಹಂಕ

ಉತ್ತರ: ಪ್ರೋಗ್ರಾಂ ನೋಡುವ ಮೊದಲು ಡೇಟಾಶೀಟ್‌ನ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ‘ಬಾಟಮ್ ವ್ಯೂ’ ಎಂದು ಬರೆದಿದೆಯೇ ನೋಡಿ. ರಿಲೇಗಳ ಡೇಟಾಶೀಟ್‌ನಲ್ಲಿ ಕಾಲುಗಳ ಚಿತ್ರವನ್ನು ಬಹುತೇಕ ಕೆಳಗಿನಿಂದ ನೋಡಿದಂತೆ ಕೊಟ್ಟಿರುತ್ತಾರೆ. ಫುಟ್‌ಪ್ರಿಂಟ್ ಎಡಿಟರ್ ಮಾತ್ರ ಯಾವಾಗಲೂ ಮೇಲಿನಿಂದ ನೋಡುತ್ತದೆ. ಈ ರಿಲೇಯ ಐದು ಕಾಲುಗಳು ನಡುಗೆರೆಯ ಎರಡೂ ಕಡೆ ಸಮನಾಗಿರುವುದರಿಂದ ಕನ್ನಡಿಬಿಂಬದಂತೆ ಬರೆದ ಫುಟ್‌ಪ್ರಿಂಟಿಗೂ ಅದು ಸಲೀಸಾಗಿ ಕೂರುತ್ತದೆ. ಅದಲುಬದಲಾಗುವುದು ಎನ್‌ಸಿ (ರಿಲೇ ಆಫ್ ಇದ್ದಾಗ ಕಾಮನ್‌ಗೆ ಕೂಡಿರುವ ಕಾಲು) ಮತ್ತು ಎನ್‌ಓ (ಆನ್ ಆದಾಗ ಕೂಡುವ ಕಾಲು). ಬೇರೆ ಬಿಡಿಭಾಗವಾದರೆ ಕೂರದೆಯೇ ತಪ್ಪನ್ನು ಹೇಳಿಬಿಡುತ್ತಿತ್ತು, ಇದು ಹೇಳುವುದಿಲ್ಲ. ಟ್ಯಾಂಕಿನ ಮೋಟಾರಿಗೆ ಹೀಗಾದರೆ ಕಂಟ್ರೋಲರ್‌ಗೆ ಕರೆಂಟ್ ಇಲ್ಲದಾಗ ಮೋಟಾರು ಓಡುತ್ತದೆ, ನೀರು ತಾರಸಿಯಿಂದ ಬೀದಿಗೆ.

ಮಲ್ಟಿಮೀಟರ್‌ನಿಂದ ಖಚಿತ ಮಾಡಿಕೊಳ್ಳಿ. ಒಂದು ಬದಿಯಲ್ಲಿ ಮೂರು ಕಾಲು, ಎದುರು ಬದಿಯಲ್ಲಿ ಎರಡು. ಮೂರರಲ್ಲಿ ನಡುವಿನದು ಕಾಮನ್, ಅದರ ಆಚೀಚೆಯವು ಕಾಯಿಲ್. 5 ವೋಲ್ಟಿನ ಈ ಬಗೆಯ ರಿಲೇಯಲ್ಲಿ ಕಾಯಿಲ್ ನಡುವೆ 70 ಓಮ್ ಆಸುಪಾಸು ತೋರಿಸಬೇಕು. ಕಾಯಿಲ್‌ಗೆ ವಿದ್ಯುತ್ ಕೊಡದೆ ಕಾಮನ್‌ನಿಂದ ಎದುರಿನ ಎರಡಕ್ಕೂ ಬೀಪ್ ಪರೀಕ್ಷೆ ಮಾಡಿ. ಸದ್ದು ಬಂದದ್ದು ಎನ್‌ಸಿ. ಈಗ ರಿಲೇಯನ್ನು ಬೋರ್ಡಿನ ಮೇಲೆ ಕೂರುವಂತೆ ಹಿಡಿದು, ಕಾಮನ್ ನಿಮ್ಮ ಎಡಕ್ಕಿರುವಂತೆ ಮೇಲಿನಿಂದ ನೋಡಿ, ಎನ್‌ಸಿ ಮೇಲುಗಡೆಯೋ ಕೆಳಗಡೆಯೋ ಬರೆದುಕೊಳ್ಳಿ. ಡೇಟಾಶೀಟ್ ಏನೇ ಹೇಳಲಿ, ಇದೇ ಕೊನೆಯ ಮಾತು.

ಅಳತೆಗಳು: ಕಾಮನ್ ಅನ್ನು 0, 0 ಎಂದಿಟ್ಟರೆ ಕಾಯಿಲ್‌ನ ಎರಡು ಪ್ಯಾಡ್‌ಗಳು ಎಕ್ಸ್ 2.0, ವೈ +6 ಮತ್ತು −6. ಎದುರಿನವು ಎಕ್ಸ್ 14.2, ವೈ +6 ಮತ್ತು −6. ಕ್ಯಾಲಿಪರ್‌ನಿಂದ ನಿಮ್ಮದನ್ನು ಒಮ್ಮೆ ತಾಳೆ ನೋಡಿ. ಕಾಂಟ್ಯಾಕ್ಟ್ ಕಾಲುಗಳಿಗೆ 1.3, ಕಾಯಿಲ್‌ಗೆ 1.0 ಮಿ.ಮೀ. ತೂತು ಸಾಕು.

ಇಲ್ಲಿ ಪ್ಯಾಡ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ಮಾತು ನಡೆಯದು. ಕಾಮನ್‌ನಲ್ಲಿ 230 ವೋಲ್ಟ್, ಪಕ್ಕದ ಕಾಯಿಲ್‌ನಲ್ಲಿ ನಿಮ್ಮ ಕೈ ಸೋಕಬಹುದಾದ 5 ವೋಲ್ಟ್ ಭಾಗ. ಎರಡರ ಕೇಂದ್ರಗಳ ನಡುವೆ ಇರುವುದೇ 6.3 ಮಿ.ಮೀ. ಎರಡೂ ಪ್ಯಾಡ್ 3 ಮಿ.ಮೀ. ಇಟ್ಟರೆ ನಡುವೆ ಉಳಿಯುವುದು 3.3. ಕಾಮನ್ 2.5, ಕಾಯಿಲ್ 2.0 ಇಟ್ಟರೆ 4 ಮಿ.ಮೀ. ದಾಟುತ್ತದೆ. ಇಷ್ಟಕ್ಕೇ ಬಿಡದೆ ಕಾಮನ್ ಪ್ಯಾಡ್ ಮತ್ತು ಕಾಯಿಲ್ ಪ್ಯಾಡ್‌ಗಳ ನಡುವೆ ಬೋರ್ಡಿನಲ್ಲೇ ಸೀಳು ಕೊಡಿ. ಫುಟ್‌ಪ್ರಿಂಟ್‌ನ ಒಳಗೇ ಎಡ್ಜ್ ಕಟ್ಸ್ (ಬೋರ್ಡು ಕತ್ತರಿಸುವ ಗೆರೆಗಳ) ಪದರದಲ್ಲಿ 1.5 ಮಿ.ಮೀ. ಅಗಲದ ಮುಚ್ಚಿದ ಆಕಾರ ಬರೆದಿಟ್ಟರೆ ಪ್ರತಿ ಬಾರಿ ನೆನಪಿಡುವ ಕೆಲಸ ತಪ್ಪುತ್ತದೆ. ಮನೆಯಲ್ಲಿ ಸಾಲಾಗಿ ತೂತು ಕೊರೆದು ಸಣ್ಣ ಅರದಿಂದ ಉಜ್ಜಿ ಸೇರಿಸಬಹುದು. ಬೋರ್ಡಿನ ಉಳಿದೆಡೆ ಮೈನ್ಸ್ ಟ್ರ್ಯಾಕಿಗೂ ಲೋ ವೋಲ್ಟೇಜಿಗೂ 6 ಮಿ.ಮೀ. ಬಿಡಿ.

ರಿಲೇ ಮೇಲೆ 10 ಆಂಪಿಯರ್ ಎಂದು ಅಚ್ಚಾಗಿದೆ ಎಂದು ಒಂದು ಎಚ್‌ಪಿ ಮೋಟಾರನ್ನು ನೇರ ಅದಕ್ಕೇ ಕಟ್ಟಬೇಡಿ. ಮೋಟಾರು ಹೊರಡುವ ಕ್ಷಣದಲ್ಲಿ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು, ಕಾಂಟ್ಯಾಕ್ಟ್ ಬೆಸೆದುಕೊಂಡು ಬಿಡುತ್ತದೆ. ರಿಲೇಯಿಂದ ಕಾಂಟ್ಯಾಕ್ಟರ್‌ನ (ದೊಡ್ಡ ಕರೆಂಟ್ ತಾಳುವ ರಿಲೇಯಂಥ ಸ್ವಿಚ್) ಕಾಯಿಲ್ ಓಡಿಸಿ, ಮೋಟಾರನ್ನು ಕಾಂಟ್ಯಾಕ್ಟರ್ ಓಡಿಸಲಿ. ಆಗ ಬೋರ್ಡಿನ ಮೈನ್ಸ್ ಟ್ರ್ಯಾಕಿನಲ್ಲಿ ಹರಿಯುವುದು ಸಣ್ಣ ಕರೆಂಟ್.

ಪ್ರಶ್ನೆ: ಲೈಬ್ರರಿಯ ಫುಟ್‌ಪ್ರಿಂಟ್‌ಗಳನ್ನೇ ಬಳಸಿ ಟೋನರ್ ಟ್ರಾನ್ಸ್‌ಫರ್ ವಿಧಾನದಲ್ಲಿ (ಟೋನರ್ ಪ್ರಿಂಟನ್ನು ಇಸ್ತ್ರಿ ಮಾಡಿ ತಾಮ್ರಕ್ಕೆ ಅಂಟಿಸಿ) ಬೋರ್ಡು ಮಾಡಿದೆ. ಎಚಿಂಗ್ (ಬೇಡದ ತಾಮ್ರ ಕರಗಿಸುವುದು) ಚೆನ್ನಾಗಿ ಬಂತು, ಆದರೆ ತೂತು ಕೊರೆದಾಗ ಅರ್ಧ ಪ್ಯಾಡ್‌ಗಳೇ ಹೋದವು. ಉಳಿದವು ಸೋಲ್ಡರ್ ಮಾಡುವಾಗ ಎದ್ದು ಬಂದವು.
— ಬಿ.ಎಸ್ಸಿ. ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಲೈಬ್ರರಿಯ ಅಳತೆಗಳು ಕಾರ್ಖಾನೆಗೆ. ಅಲ್ಲಿ ಸಿಎನ್‌ಸಿ ಯಂತ್ರ ಕೊರೆಯುತ್ತದೆ, ತೂತಿನ ಒಳಗೋಡೆಗೆ ತಾಮ್ರ ಲೇಪಿಸುತ್ತಾರೆ. ಆ ತಾಮ್ರವೇ ಪ್ಯಾಡನ್ನು ಬೋರ್ಡಿಗೆ ಹಿಡಿದಿಡುತ್ತದೆ. ನಿಮ್ಮ ಬೋರ್ಡಿನಲ್ಲಿ ಪ್ಯಾಡನ್ನು ಹಿಡಿದಿರುವುದು ಅಂಟು ಮಾತ್ರ, ಅದಕ್ಕೆ ಅಗಲ ಬೇಕು.

ಐಸಿಯ ಫುಟ್‌ಪ್ರಿಂಟ್ ನೋಡಿ: 1.6 ಮಿ.ಮೀ. ಪ್ಯಾಡ್, 0.8 ತೂತು. ಸುತ್ತ ಉಳಿಯುವ ಉಂಗುರ 0.4. ಕೈ ಡ್ರಿಲ್ 0.3 ಮಿ.ಮೀ. ಸರಿದರೆ ಒಂದು ಬದಿಯಲ್ಲಿ ಕೂದಲಷ್ಟು ತಾಮ್ರ. ಎಚಿಂಗ್ ದ್ರಾವಣ ಟೋನರ್‌ನ ಅಂಚಿನಡಿ ನುಗ್ಗಿ ಇನ್ನಷ್ಟು ತಿಂದಿರುತ್ತದೆ. ಮನೆಯ ಬೋರ್ಡಿಗೆ ಉಂಗುರ ಕನಿಷ್ಠ 0.6 ಇರಲಿ, ಅಂದರೆ ತೂತಿನ ವ್ಯಾಸಕ್ಕೆ 1.2 ಕೂಡಿಸಿದಷ್ಟು ಪ್ಯಾಡ್. ತೂತಿನ ಲೆಕ್ಕ: ಕಾಲಿನ ಅತಿ ಅಗಲದ ಅಳತೆಗೆ 0.2 ಸೇರಿಸಿ. ಚೌಕ ಕಾಲಾದರೆ ಅತಿ ಅಗಲವೆಂದರೆ ಕರ್ಣ. ಹೆಡರ್ ಪಿನ್ 0.64 ಚೌಕ, ಕರ್ಣ 0.9, ಹಾಗಾಗಿ 1.0 ಅಥವಾ 1.1ರ ಬಿಟ್. 0.8ರಲ್ಲಿ ಕೊರೆದರೆ ಒಳಗೆ ಹೋಗುವುದೇ ಇಲ್ಲ. ಕಾಲ್‌ ವ್ಯಾಟ್ ರೆಸಿಸ್ಟರ್‌ಗೆ 0.8 ತೂತು, 2.0 ಪ್ಯಾಡ್, ಕಾಲುಗಳ ನಡುವೆ 10.16. 1ಎನ್4007 ಡಯೋಡಿನ ಕಾಲು ದಪ್ಪ, 0.86ರವರೆಗೆ ಇರಬಹುದು, ಅದಕ್ಕೆ 1.1 ತೂತು, 2.3 ಪ್ಯಾಡ್.

ಐಸಿಗೆ ದುಂಡು ಪ್ಯಾಡ್ ದೊಡ್ಡದು ಮಾಡುವಂತಿಲ್ಲ, ಪಕ್ಕದ ಕಾಲು 2.54ರಲ್ಲೇ ಇದೆ. ಉದ್ದಕ್ಕೆ ಬೆಳೆಸಿ: 1.6 ಅಗಲ, 2.4 ಉದ್ದ. ಕಿಕ್ಯಾಡ್‌ನ ಡಿಪ್ (ಎರಡು ಸಾಲು ಕಾಲಿನ ಐಸಿ) ಫುಟ್‌ಪ್ರಿಂಟ್‌ಗಳಲ್ಲಿ ‘ಲಾಂಗ್‌ಪ್ಯಾಡ್ಸ್’ ಎಂಬ ಹೆಸರಿನವು ಸರಿಯಾಗಿ ಇವೇ, ನೀವು ಬರೆಯಬೇಕಾಗಿಯೂ ಇಲ್ಲ. ಎರಡು ಪ್ಯಾಡ್ ನಡುವೆ 0.94 ಮಿ.ಮೀ. ಉಳಿಯುತ್ತದೆ. ಅಲ್ಲಿ ಟ್ರ್ಯಾಕ್ ತೂರಿಸುವ ಆಸೆ ಬೇಡ. ಟೋನರ್ ವಿಧಾನಕ್ಕೆ ಟ್ರ್ಯಾಕ್ 0.5, ಅಂತರ 0.4 ಎಂದು ಬೋರ್ಡ್ ಸೆಟಪ್‌ನಲ್ಲೇ ಹಾಕಿಬಿಡಿ, ತಂತ್ರಾಂಶವೇ ತಡೆಯುತ್ತದೆ.

ಪ್ರಿಂಟ್ ತೆಗೆಯುವಾಗ ಡ್ರಿಲ್ ಮಾರ್ಕ್ ಆಯ್ಕೆಯನ್ನು ‘ಸ್ಮಾಲ್’ ಎಂದಿಡಿ. ಪ್ಯಾಡ್‌ನ ನಡುವೆ ಸಣ್ಣ ಬಿಳಿ ಚುಕ್ಕೆ ಉಳಿದು, ಎಚಿಂಗ್ ಆದಾಗ ಅಲ್ಲಿ ತಾಮ್ರ ಕರಗಿ ಗುಳಿಯಾಗುತ್ತದೆ. ಬಿಟ್ ತಾನಾಗಿ ಅಲ್ಲಿ ಕೂರುತ್ತದೆ. ಕೆಲವರು ಇದಕ್ಕಾಗಿ ಫುಟ್‌ಪ್ರಿಂಟ್‌ನ ತೂತನ್ನೇ 0.3 ಎಂದು ಬರೆದಿಡುತ್ತಾರೆ. ಬೇಡ. ಕಾರಣ ಕೊನೆಯ ಉತ್ತರದಲ್ಲಿದೆ.

ಪ್ಯಾಡ್ ಏಳುವುದಕ್ಕೆ ಬೋರ್ಡೂ ಕಾರಣ. ಕಂದು ಬಣ್ಣದ ಪೇಪರ್ ಫಿನಾಲಿಕ್ ಅಗ್ಗ, ಕೊರೆಯಲು ಸುಲಭ, ಆದರೆ ಬಿಸಿಗೆ ತಾಮ್ರ ಬೇಗ ಬಿಡುತ್ತದೆ. ಗ್ಲಾಸ್ ಎಪಾಕ್ಸಿ ಕೇಳಿ ತನ್ನಿ. ಅದು ಬಿಟ್‌ಗಳನ್ನು ಬೇಗ ಮೊಂಡು ಮಾಡುತ್ತದೆ, ಗಾಜಿನ ಧೂಳು ಏಳುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಕಾರ್ಬೈಡ್ ಬಿಟ್ ಅನ್ನು ಸ್ಟ್ಯಾಂಡ್ ಇದ್ದರೆ ಮಾತ್ರ ಬಳಸಿ, ಕೈಯಲ್ಲಿ ಹಿಡಿದರೆ ಸ್ವಲ್ಪ ಓರೆಯಾದರೂ ಪಟ್ಟನೆ ಮುರಿಯುತ್ತದೆ.

ಪ್ರಶ್ನೆ: ಪ್ರಿಂಟ್ ಮಾಡಿದ ಹಾಳೆಯ ಮೇಲೆ 40 ಕಾಲಿನ ಐಸಿ ಇಟ್ಟು ನೋಡಿದರೆ ಒಂದು ತುದಿಯಲ್ಲಿ ಸರಿ, ಇನ್ನೊಂದು ತುದಿಯಲ್ಲಿ ಒಂದು ಕಾಲಿನಷ್ಟು ಹೊರಗೆ. ಫುಟ್‌ಪ್ರಿಂಟ್ ತಪ್ಪಾ?
— ಓದುಗರು, ವಿಜಯನಗರ

ಉತ್ತರ: ಫುಟ್‌ಪ್ರಿಂಟ್ ಸರಿಯಿದೆ. ಜೆರಾಕ್ಸ್ ಅಂಗಡಿಯವರು ‘ಫಿಟ್ ಟು ಪೇಜ್’ನಲ್ಲಿ ಪ್ರಿಂಟ್ ಕೊಟ್ಟಿದ್ದಾರೆ. ‘ಆಕ್ಚುಯಲ್ ಸೈಜ್’ ಅಥವಾ 100% ಎಂದು ಹೇಳಿ, ಪರದೆಯ ಮೇಲೆ ನೋಡಿಯೇ ಪ್ರಿಂಟ್ ಕೊಡಿಸಿ. ಬೋರ್ಡಿನ ಹೊರಗೆ ಅಡ್ಡಕ್ಕೊಂದು, ಉದ್ದಕ್ಕೊಂದು 100 ಮಿ.ಮೀ. ಗೆರೆ ಎಳೆದಿಟ್ಟುಕೊಂಡರೆ ಅಂಗಡಿಯಲ್ಲೇ ಸ್ಕೇಲಿಟ್ಟು ನೋಡಬಹುದು. 99.4 ಬಂದರೆ 40 ಕಾಲಿನ ಐಸಿಯ 48.26 ಮಿ.ಮೀ. ಸಾಲಿನಲ್ಲಿ ತಪ್ಪು 0.3ರಷ್ಟು, ಸುಧಾರಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಅದೇ ಯಂತ್ರದಲ್ಲಿ ಕಸ್ಟಮ್ ಸ್ಕೇಲ್ ಹಾಕಿ ಮತ್ತೆ ತೆಗೆಯಿರಿ.

ಮೊದಲ ಪ್ರಿಂಟ್ ಮಾಮೂಲಿ ಹಾಳೆಯ ಮೇಲೆ ಇರಲಿ. ಅದನ್ನು ಥರ್ಮಾಕೋಲ್ ತುಂಡಿಗೆ ಅಂಟಿಸಿ, ಒಂದೊಂದು ಬಿಡಿಭಾಗವನ್ನೂ ಪ್ಯಾಡ್ ನಡುವೆ ಚುಚ್ಚಿ ನಿಲ್ಲಿಸಿ. ಕಾಲು ಸಾಲದಿರುವುದು, ಟರ್ಮಿನಲ್‌ನ ಬಾಯಿ ತಿರುಗಿರುವುದು, ಕೆಪಾಸಿಟರ್‌ನ ಹೊಟ್ಟೆ ರಿಲೇಗೆ ತಾಗುವುದು ಎಲ್ಲ ಇಲ್ಲಿಯೇ ಬಯಲಾಗುತ್ತದೆ. ಈ ಪರೀಕ್ಷೆಗೆ ಖರ್ಚಾಗುವುದು ಒಂದು ಹಾಳೆ.

ಪ್ರಶ್ನೆ: ಬೋರ್ಡು ಪೂರ್ತಿ ಕನ್ನಡಿಬಿಂಬವಾಗಿ ಬಂದಿದೆ. ಮಿರರ್ ಆಯ್ಕೆ ಹಾಕಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಹವ್ಯಾಸಿ, ಬನಶಂಕರಿ

ಉತ್ತರ: ಇಬ್ಬರು ಹೇಳುವುದೂ ಸರಿಯೇ, ಪದರ ಬೇರೆ ಅಷ್ಟೆ. ಬಿಡಿಭಾಗ ಮೇಲೆ, ತಾಮ್ರ ಕೆಳಗೆ ಇರುವ ಮಾಮೂಲಿ ಬೋರ್ಡಿನಲ್ಲಿ ಟ್ರ್ಯಾಕ್‌ಗಳು ಬಿ.ಸಿಯು (ಕೆಳಗಿನ ತಾಮ್ರ) ಪದರದಲ್ಲಿರುತ್ತವೆ. ಕಿಕ್ಯಾಡ್ ಅದನ್ನು ಬೋರ್ಡಿನ ಮೂಲಕ ಮೇಲಿನಿಂದ ನೋಡಿದಂತೆ ತೋರಿಸುತ್ತದೆ. ಇಸ್ತ್ರಿ ಮಾಡಿದಾಗ ಚಿತ್ರ ಒಮ್ಮೆ ಮಗುಚಿಕೊಳ್ಳುತ್ತದೆ, ಸರಿಯಾಗುತ್ತದೆ. ಹಾಗಾಗಿ ಮಿರರ್ ಬೇಡ. ಸರ್ಫೇಸ್ ಮೌಂಟ್ ಬಿಡಿಭಾಗವನ್ನು ತಾಮ್ರದ ಕಡೆಗೇ ಕೂರಿಸಿ ಎಫ್.ಸಿಯುನಲ್ಲಿ (ಮೇಲಿನ ತಾಮ್ರದ ಪದರದಲ್ಲಿ) ಬರೆದಿದ್ದರೆ ಮಿರರ್ ಬೇಕು. ಬಾಯಿಪಾಠ ಬೇಡವೆಂದರೆ ತಾಮ್ರದ ಪದರದಲ್ಲಿ ಎರಡಕ್ಷರ ಬರೆದಿಡಿ. ಬಿ.ಸಿಯುನಲ್ಲಿ ಅಕ್ಷರ ಪರದೆಯ ಮೇಲೆ ಉಲ್ಟಾ ಕಾಣುವಂತಿರಬೇಕು. ಕಾಗದದ ಮೇಲೆ ಉಲ್ಟಾ ಇದ್ದರೆ ತಾಮ್ರದ ಮೇಲೆ ನೇರ ಬರುತ್ತದೆ.

ಪ್ರಶ್ನೆ: ಬಿಸಿ547 ಟ್ರಾನ್ಸಿಸ್ಟರ್ ಸಿಗಲಿಲ್ಲ ಎಂದು 2ಎನ್3904 ಹಾಕಿದೆ. ಅದೇ ಟಿಒ-92 ಒಡಲು, ಆದರೆ ರಿಲೇ ಎಳೆಯುವುದಿಲ್ಲ.
— ಐಟಿಐ ವಿದ್ಯಾರ್ಥಿ, ಪೀಣ್ಯ

ಉತ್ತರ: ಒಡಲು ಒಂದೇ, ಕಾಲಿನ ಕ್ರಮ ತಿರುವುಮುರುವು. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಸದ್ಯಕ್ಕೆ ಟ್ರಾನ್ಸಿಸ್ಟರನ್ನು ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ, ನಡೆಯುತ್ತದೆ. 2222 ಇನ್ನೂ ಕೆಟ್ಟದ್ದು: ಪಿಎನ್2222ಎ ಎಂದಿದ್ದರೆ ಇ-ಬಿ-ಸಿ, ಪಿ2ಎನ್2222ಎ ಎಂದಿದ್ದರೆ ಸಿ-ಬಿ-ಇ. ಮಲ್ಟಿಮೀಟರಿನಲ್ಲಿ ಎಚ್‌ಎಫ್‌ಇ (ಟ್ರಾನ್ಸಿಸ್ಟರ್‌ನ ಗೇನ್ ಅಳೆಯುವ) ಸಾಕೆಟ್ ಇದ್ದರೆ ಎರಡೂ ರೀತಿ ಚುಚ್ಚಿ ನೋಡಿ, ಹೆಚ್ಚು ಗೇನ್ ತೋರಿಸಿದ್ದು ಸರಿಯಾದ ಕ್ರಮ.

ಇದಕ್ಕೆ ಫುಟ್‌ಪ್ರಿಂಟ್ ತಿದ್ದಬೇಡಿ. ಪ್ಯಾಡ್‌ಗಳು 1, 2, 3 ಎಂದೇ ಇರಲಿ, ಯಾವ ಸಂಖ್ಯೆ ಎಮಿಟರ್ ಎಂಬುದನ್ನು ಸ್ಕೀಮ್ಯಾಟಿಕ್‌ನ ಚಿಹ್ನೆ ಹೇಳಲಿ. ಟಿಒ-92ರ ಮಾಮೂಲಿ ಫುಟ್‌ಪ್ರಿಂಟ್‌ನಲ್ಲಿ ಕಾಲಿನ ಅಂತರ 1.27, ಪ್ಯಾಡ್‌ಗಳ ನಡುವೆ ಕಾಲು ಮಿ.ಮೀ. ಕೂಡ ಇಲ್ಲ, ಟೋನರ್‌ನಲ್ಲಿ ಖಂಡಿತ ಅಂಟಿಕೊಳ್ಳುತ್ತದೆ. ‘ವೈಡ್’ ಎಂಬ 2.54 ಅಂತರದ್ದನ್ನು ತೆಗೆದುಕೊಂಡು ಕಾಲುಗಳನ್ನು ಅಗಲಿಸಿ ಕೂರಿಸಿ.

ಪ್ರಶ್ನೆ: ನೋಡ್‌ಎಂಸಿಯು (ವೈಫೈ ಇರುವ ಸಣ್ಣ ಕಂಟ್ರೋಲರ್) ಬೋರ್ಡಿಗೆ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಫುಟ್‌ಪ್ರಿಂಟ್ ಹೊಂದುತ್ತಿಲ್ಲ. ಸಾಲುಗಳ ಅಗಲವೇ ಬೇರೆ.
— ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಆ ಹೆಸರಿನಲ್ಲಿ ಎರಡು ಅಗಲದ ಬೋರ್ಡುಗಳು ಮಾರಾಟವಾಗುತ್ತವೆ. ಕಿರಿದಾದದ್ದರಲ್ಲಿ ಎರಡು ಸಾಲಿನ ನಡುವೆ 22.86 ಮಿ.ಮೀ., ‘ವಿ3’ ಎಂದು ಮಾರುವ ಅಗಲದ್ದರಲ್ಲಿ 27.94. ಇಎಸ್‌ಪಿ32 ಬೋರ್ಡುಗಳಲ್ಲಂತೂ 30 ಕಾಲಿನವು, 38 ಕಾಲಿನವು, 22.86ರವು, 25.4ರವು ಎಲ್ಲ ಬೆರೆತಿವೆ. ಆರ್ಡುಯಿನೊ ನ್ಯಾನೊ ಮಾತ್ರ ನಂಬಿಕಸ್ತ, 15.24. ಊನೊ ಮೇಲೆ ಕೂರುವ ಬೋರ್ಡು ಬರೆಯುವವರಿಗೆ ಬೇರೆಯದೇ ಬಲೆ: 7 ಮತ್ತು 8ನೇ ಡಿಜಿಟಲ್ ಪಿನ್‌ಗಳ ನಡುವಿನ ಅಂತರ 2.54 ಅಲ್ಲ, 4.06.

ಇಳಿಸಿಕೊಂಡದ್ದು ಯಾವುದೇ ಇರಲಿ, ಎಡಿಟರ್‌ನಲ್ಲಿ ತೆರೆದು ಅಳತೆ ಸಾಧನದಿಂದ ಎರಡೇ ಅಂತರ ನೋಡಿ: ಒಂದು ಸಾಲಿನ ಮೊದಲ ಪ್ಯಾಡ್‌ನಿಂದ ಕೊನೆಯದಕ್ಕೆ, ಮತ್ತು ಸಾಲಿನಿಂದ ಸಾಲಿಗೆ. ಕ್ಯಾಲಿಪರ್‌ನ ಅಳತೆಗೆ ಎರಡೂ ಕೂಡಿದರೆ ಬಳಸಿ. ಕೂಡದಿದ್ದರೆ ತಿದ್ದುವುದಕ್ಕಿಂತ 2.54ರ ಎರಡು ಸಾಲು ಹೊಸದಾಗಿ ಬರೆಯುವುದು ಬೇಗ. ಒಂದು ಪ್ಯಾಡ್ ಬರೆದು ಅರೇ ಆಜ್ಞೆ ಕೊಟ್ಟರೆ ಸಂಖ್ಯೆ ಸಮೇತ ಸಾಲು ತಯಾರು. ಆಂಟೆನಾ ಇರುವ ತುದಿಯ ಕೆಳಗೆ ತಾಮ್ರ ಬೇಡ, ಆ ತುದಿ ನಿಮ್ಮ ಪಿಸಿಬಿಯ ಅಂಚಿನಿಂದ ಆಚೆ ಚಾಚಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಡಿಸಿ ಜ್ಯಾಕ್‌ನ ಕಾಲು ಚಪ್ಪಟೆ ಪಟ್ಟಿಯಂತಿದೆ. ದುಂಡು ತೂತಿನಲ್ಲಿ ಹೇಗೆ ಕೂರಿಸುವುದು?
— ಓದುಗರು, ಕೆಂಗೇರಿ

ಉತ್ತರ: ಪ್ಯಾಡ್ ವಿವರದಲ್ಲಿ ತೂತಿನ ಆಕಾರವನ್ನು ಓವಲ್ ಎಂದು ಬದಲಿಸಿ 1.0 × 3.0 ಮಿ.ಮೀ. ಕೊಡಿ, ಪ್ಯಾಡೂ ಓವಲ್ ಇರಲಿ, 2.6 × 4.6. ಮನೆಯಲ್ಲಿ 1.0ರ ಬಿಟ್‌ನಿಂದ ಎರಡು ತುದಿಗೆ ಎರಡು, ನಡುವೆ ಒಂದು ತೂತು ಕೊರೆದು, ಉಳಿದ ಗೋಡೆಯನ್ನು ಸೂಜಿ ಅರದಿಂದ ತೆಗೆಯಿರಿ. ಬಿಟ್ ಅನ್ನೇ ಪಕ್ಕಕ್ಕೆ ಎಳೆದು ಸೀಳು ಮಾಡಲು ಹೋದರೆ ಮುರಿಯುತ್ತದೆ. 3 ಮಿ.ಮೀ. ದುಂಡು ತೂತು ಮಾಡಿ ಸೋಲ್ಡರ್ ತುಂಬುವವರಿದ್ದಾರೆ. ಪ್ಲಗ್ ಹಾಕಿ ತೆಗೆದು ಮಾಡುವಾಗ ಆ ಬೆಸುಗೆ ಬಿರುಕು ಬಿಡುತ್ತದೆ.

ಪ್ರಶ್ನೆ: ಮನೆಯಲ್ಲಿ ಮಾಡಿದ ಬೋರ್ಡು ಚೆನ್ನಾಗಿ ನಡೆಯುತ್ತಿದೆ. ಅದೇ ಡಿಸೈನನ್ನು ಪಿಸಿಬಿ ಕಾರ್ಖಾನೆಗೆ ಕೊಟ್ಟು ಹತ್ತು ಮಾಡಿಸಬೇಕು. ಫುಟ್‌ಪ್ರಿಂಟ್‌ನಲ್ಲಿ ಏನು ಬದಲಿಸಬೇಕು?
— ಸಣ್ಣ ಉದ್ಯಮಿ, ರಾಜರಾಜೇಶ್ವರಿನಗರ

ಉತ್ತರ: ದೊಡ್ಡ ಪ್ಯಾಡ್‌ಗಳು ಇದ್ದಂತೆಯೇ ಇರಲಿ, ಕಾರ್ಖಾನೆಗೆ ಅದರಿಂದ ತೊಂದರೆಯಿಲ್ಲ. ನೋಡಬೇಕಾದದ್ದು ಮೊದಲು ತೂತು. ಫುಟ್‌ಪ್ರಿಂಟ್‌ನಲ್ಲಿ ಬರೆದ ವ್ಯಾಸವನ್ನು ಅವರು ಲೇಪನ ಆದ ಮೇಲಿನ ಅಳತೆ ಎಂದು ತಿಳಿದು ಕೊರೆಯುತ್ತಾರೆ. ಡ್ರಿಲ್ ಗುರುತಿಗೆಂದು 0.3 ಬರೆದಿಟ್ಟಿದ್ದರೆ ಹತ್ತೂ ಬೋರ್ಡುಗಳಲ್ಲಿ 0.3ರ ತೂತೇ ಬರುತ್ತದೆ. ಅದನ್ನು ಕೊರೆದು ದೊಡ್ಡದು ಮಾಡಿದರೆ ಒಳಗಿನ ಲೇಪನ ಹೋಗಿ, ಮೇಲು-ಕೆಳಗಿನ ಸಂಪರ್ಕ ಕಡಿಯುತ್ತದೆ.

ಎರಡನೆಯದು ಸೋಲ್ಡರ್ ಮಾಸ್ಕ್. ಮನೆಯ ಬೋರ್ಡಿಗೆ ಹಸಿರು ಪದರ ಇಲ್ಲವಾದ್ದರಿಂದ ಈ ತಪ್ಪು ಇಲ್ಲಿಯವರೆಗೆ ಕಂಡಿರುವುದಿಲ್ಲ. ಪ್ಯಾಡ್ ಸಾಧನದಿಂದ ಇಟ್ಟ ಪ್ಯಾಡ್‌ಗೆ ಮಾಸ್ಕ್‌ನಲ್ಲಿ ಕಿಂಡಿ ತಾನಾಗಿ ಬರುತ್ತದೆ. ಆದರೆ ರಿಲೇ ಬಳಿ ತಾಮ್ರ ದಪ್ಪವಾಗಲಿ ಎಂದು ಬರಿಯ ಆಯತ ಎಳೆದು ಅದನ್ನೇ ಪ್ಯಾಡ್‌ನಂತೆ ಬಳಸಿದ್ದರೆ, ಕಾರ್ಖಾನೆ ಅದರ ಮೇಲೆ ಹಸಿರು ಬಳಿದು ಕಳಿಸುತ್ತದೆ, ಸೋಲ್ಡರ್ ಹಿಡಿಯುವುದಿಲ್ಲ. ಪ್ಯಾಡ್ ವಿವರದಲ್ಲಿ ತಾಮ್ರದ ಜೊತೆ ಮಾಸ್ಕ್ ಪದರಕ್ಕೂ ಗುರುತು ಬಿದ್ದಿದೆಯೇ ನೋಡಿ. ಸಿಲ್ಕ್‌ಸ್ಕ್ರೀನ್ (ಬೋರ್ಡಿನ ಮೇಲೆ ಅಚ್ಚಾಗುವ ಅಕ್ಷರ, ಗುರುತುಗಳ) ಗೆರೆ ಪ್ಯಾಡ್ ಮೇಲೆ ಹಾಯ್ದಿದ್ದರೆ ಸರಿಸಿ.

ರಿಲೇ ಸೀಳಿನ ಆಕಾರ ಎಡ್ಜ್ ಕಟ್ಸ್‌ನಲ್ಲಿ ಪೂರ್ತಿ ಮುಚ್ಚಿರಬೇಕು. ಒಂದು ಮೂಲೆ ಕೂಡದಿದ್ದರೂ ಕಾರ್ಖಾನೆಯಿಂದ ಪ್ರಶ್ನೆ ಬರುತ್ತದೆ, ಇಲ್ಲವೇ ಸೀಳೇ ಇಲ್ಲದ ಬೋರ್ಡು ಬರುತ್ತದೆ. ಗರ್ಬರ್ (ಕಾರ್ಖಾನೆಗೆ ಕೊಡುವ ಪದರಗಳ ಚಿತ್ರ) ಮತ್ತು ಡ್ರಿಲ್ ಫೈಲ್‌ಗಳನ್ನು ಕಳಿಸುವ ಮೊದಲು ಕಿಕ್ಯಾಡ್‌ನ ಗರ್ಬರ್ ವ್ಯೂವರ್‌ನಲ್ಲಿ ಒಟ್ಟಿಗೆ ತೆರೆದು, ತೂತುಗಳು ಪ್ಯಾಡ್‌ಗಳ ನಡುವೆಯೇ ಕೂತಿವೆಯೇ ನೋಡಿ. ಎರಡನ್ನೂ ಬೇರೆಬೇರೆ ಮೂಲಬಿಂದು ಇಟ್ಟು ತೆಗೆದಿದ್ದರೆ ಎಲ್ಲ ತೂತುಗಳೂ ಒಂದೇ ದಿಕ್ಕಿಗೆ ಸರಿದು ಕಾಣುತ್ತವೆ. ಆರ್ಡರ್‌ನಲ್ಲಿ 1.6 ಮಿ.ಮೀ. ದಪ್ಪ, 35 ಮೈಕ್ರಾನ್ ತಾಮ್ರ, ಎಫ್‌ಆರ್4 (ಗ್ಲಾಸ್ ಎಪಾಕ್ಸಿ) ಎಂದು ಬರೆಯಿರಿ. ಎರಡು ಬದಿಯ ಲೇಪಿತ ತೂತಿನ ಬೋರ್ಡು ಮಾಡಿಸುವುದಾದರೆ, ಮನೆಯ ಬೋರ್ಡಿನಲ್ಲಿ ತಂತಿ ತುಂಡು ಹಾಕಿ ದಾಟಿಸಿದ್ದ ಜಂಪರ್‌ಗಳನ್ನು ಮೇಲಿನ ಪದರದ ಟ್ರ್ಯಾಕ್‌ಗಳಾಗಿ ಮಾಡಬಹುದು.